ಟಿಕೆಟ್ ಪ್ರಿಂಟರ್ ಕಲಿಸಿದ ಪಾಠ

ನಿಮ್ಮಲ್ಲಿ ಅನೇಕರು ಆಸ್ಪತ್ರೆ, ಔಷಧ ಕಂಪನಿಗಳಲ್ಲಿ ದುಡಿಯುವವರು. ಜನರಿಗೆ ಏನಾದರೂ ಮಾಡಬೇಕೆಂದರೆ ಕೆಲಸ ಬಿಡಬೇಕೇ? ಬೇಕಿಲ್ಲ. ಕಂಪನಿಯೊಳಗೇ ಇದ್ದು ಮಾಡುವುದನ್ನು ಕಲಿಯಬಹುದು, ಕಲಿಸಬಹುದು.

ನಮ್ಮ ಬೆಂಗಳೂರಿನದೇ ಉದಾಹರಣೆ ನೋಡಿ. ಹಳ್ಳಿಯಲ್ಲಿ ಎದೆನೋವು ಬಂದರೆ ಮೊದಲು ಇಸಿಜಿ ಬೇಕು. ಆದರೆ ಹಿಂದೆ ಯಂತ್ರ ದೊಡ್ಡದಿತ್ತು, ಬೆಲೆ ಸುಮಾರು 2,000 ಡಾಲರ್ ಇತ್ತು, ಕರೆಂಟನ್ನು ನಂಬುವಂತಿರಲಿಲ್ಲ. 2008ರ ಹೊತ್ತಿಗೆ ಜಿಇ ಕಂಪನಿಯ ಬೆಂಗಳೂರು ತಂಡ 'ಮ್ಯಾಕ್ 400' ರೂಪಿಸಿತು. ಬಸ್ ಟಿಕೆಟ್ ಯಂತ್ರದಲ್ಲಿರುವಂಥ ಪುಟ್ಟ ಪ್ರಿಂಟರ್, ಕೆಲವೇ ಗುಂಡಿಗಳು, ಬ್ಯಾಟರಿ. ಆಗ ಅದರ ಬೆಲೆ ಸುಮಾರು 800 ಡಾಲರ್ ಇತ್ತು, ಬೆನ್ನಚೀಲದಲ್ಲೇ ಒಯ್ಯಬಹುದಿತ್ತು.

ಇದರಿಂದ ಕಲಿಯಬೇಕಾದದ್ದು ಮೂರು. ರೋಗಿ ಇರುವಲ್ಲಿಗೇ ಹೋಗಿ ನೋಡುವುದು. ಕೈಗೆ ಸಿಗುವ ವಸ್ತುವಿನಿಂದ ಸಣ್ಣದಾಗಿ ಪ್ರಯೋಗ ಮಾಡುವುದು. ಕಂಪನಿಗೂ ನಷ್ಟವಿಲ್ಲವೆಂದು ಲೆಕ್ಕ ತೋರಿಸುವುದು. ಕಷ್ಟವಾದರೂ ಮೂರನೆಯದನ್ನು ಬಿಡುವಂತಿಲ್ಲ. ಬರೀ ಕನಿಕರದ ಯೋಜನೆ ಬಜೆಟ್ ಮುಗಿದೊಡನೆ ನಿಂತುಹೋಗುತ್ತದೆ. ಲೆಕ್ಕ ಕೂಡಿದ್ದು ಹಳ್ಳಿ ತಲುಪುತ್ತದೆ.

ವಾರ್ಡಿನ ಕೊರತೆ ಮೇಲಧಿಕಾರಿಗಿಂತ ಮೊದಲು ಕಾಣುವುದು ನರ್ಸಿಗೆ, ಟೆಕ್ನಿಷಿಯನ್‌ಗೆ. ಅವರಿಗೆ ಈ ಮೂರು ಪಾಠ, ಪ್ರಯೋಗಕ್ಕೆ ಒಂದಿಷ್ಟು ಬಿಡುವು ಸಿಗಬೇಕು. ನಾಳೆ ಡ್ಯೂಟಿಯಲ್ಲಿ ಅಂಥ ಒಂದು ಕೊರತೆ ಗುರುತು ಹಾಕಿಕೊಳ್ಳಿ. ಅಲ್ಲಿಂದಲೇ ಆರಂಭ.