ಮೀನುಪೇಟೆಯ ನಾಯಿ ಮನೆಗೆ ಬರುವ ಮುನ್ನ

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ತದಡಿ, ಕಾಸರಕೋಡ ಟೊಂಕ, ಭಟ್ಕಳದ ಮಾವಿನಕುರ್ವೆ ಬಂದರುಗಳಲ್ಲಿ ಬಲೆ ಕೊಡವಿದಾಗ ಉದುರುವ ಪುಡಿಮೀನು ತಿಂದು ಉಳಿದ ಹತ್ತು ತಿಂಗಳು ಬದುಕಿದ ನಾಯಿಗಳಿಗೆ ಈ ಎರಡು ತಿಂಗಳು ಬರಗಾಲ. ಅವು ಪೇಟೆಯತ್ತ, ಹೆದ್ದಾರಿ ಬದಿಯ ಹೋಟೆಲುಗಳತ್ತ ಬರುತ್ತವೆ. ಯಾರೋ ಗೋಣಿಚೀಲದಲ್ಲಿ ತಂದು ಬಿಟ್ಟ ಹೆಣ್ಣುಮರಿಗಳು ಬಸ್ ನಿಲ್ದಾಣದ ಮೂಲೆಯಲ್ಲಿ ಮಳೆಗೆ ನಡುಗುತ್ತ ಕೂತಿರುತ್ತವೆ. ಭಟ್ಕಳ, ಹೊನ್ನಾವರ, ಕುಮಟಾದಲ್ಲಿ ‘ಪಾಪ, ಮನೆಗೆ ಒಯ್ಯೋಣ’ ಎನ್ನುವ ಮಾತು ಹೆಚ್ಚಾಗಿ ಕೇಳುವುದು ಇಂಥ ದಿನಗಳಲ್ಲೇ.

ಆ ಮಾತಿನ ಹಿಂದಿನ ಮರುಕ ದೊಡ್ಡದು. ಆದರೆ ಚೆನ್ನಾಗಿ ನೋಡಿಕೊಂಡ ನಾಯಿ ಹನ್ನೆರಡರಿಂದ ಹದಿನೈದು ವರ್ಷ ಬದುಕುತ್ತದೆ. ಅಷ್ಟು ವರ್ಷ ಅದಕ್ಕೆ ಅನ್ನ ಹಾಕುವವರು ಯಾರು ಎಂಬುದು ಮೊದಲ ಪ್ರಶ್ನೆ. ಈ ಪ್ರಶ್ನೆ ನಮ್ಮ ಜಿಲ್ಲೆಯಲ್ಲಿ ಬೇರೆಡೆಗಿಂತ ಗಟ್ಟಿಯಾಗಿ ಕೇಳಬೇಕಾದದ್ದು. ಭಟ್ಕಳದ ಎಷ್ಟೋ ಮನೆಗಳ ಗಂಡಸರು ಕೊಲ್ಲಿಯಲ್ಲಿದ್ದಾರೆ. ಹೊನ್ನಾವರ, ಕುಮಟಾದ ಹುಡುಗ ಹುಡುಗಿಯರು ಬೆಂಗಳೂರು, ಮುಂಬೈ, ಗೋವಾ ಸೇರಿದ್ದಾರೆ. ರಜೆಗೆ ಬಂದ ಮಗನಿಗೆ ದಾರಿಯಲ್ಲಿ ಮರಿ ಸಿಗುತ್ತದೆ, ಎರಡು ವಾರ ಎತ್ತಿಕೊಂಡು ಮುದ್ದಾಡುತ್ತಾನೆ, ಆಮೇಲೆ ‘ಆಯಿ, ನೀನು ನೋಡ್ಕೋ’ ಎಂದು ಹೇಳಿ ಬಸ್ಸು ಹತ್ತುತ್ತಾನೆ. ಮಂಡಿನೋವಿನ ಆಯಿ ಜಾರುವ ಅಂಗಳದಲ್ಲಿ ಬೆಳೆದ ನಾಯಿಯನ್ನು ಹಿಡಿದು ನಡೆಯಬೇಕು, ಆಟೋ ಮಾಡಿಕೊಂಡು ಪಶು ಆಸ್ಪತ್ರೆಗೆ ಒಯ್ಯಬೇಕು. ನಾಯಿ ಬೇಕೋ ಬೇಡವೋ ಎಂದು ತೀರ್ಮಾನಿಸುವ ಹಕ್ಕು ಊರಲ್ಲಿ ಉಳಿಯುವವರದ್ದು. ಅವರು ಬೇಡವೆಂದರೆ ಅಲ್ಲಿಗೆ ಮುಗಿಯಬೇಕು. ಒತ್ತಾಯಕ್ಕೆ ಒಪ್ಪಿದವರ ಮನೆಯಲ್ಲಿ ನಾಯಿಗೂ ಸುಖವಿಲ್ಲ.

ಮನೆಯ ಕಟ್ಟುಪಾಡುಗಳನ್ನೂ ಮುಚ್ಚುಮರೆಯಿಲ್ಲದೆ ಮಾತಾಡಿಕೊಳ್ಳಬೇಕು. ಮಡಿ ಪಾಲಿಸುವ ಹವ್ಯಕರ ಮನೆಯಲ್ಲಿ, ನಮಾಜಿಗೆ ಶುಚಿ ಕಾಯುವ ನವಾಯತರ ಮನೆಯಲ್ಲಿ ನಾಯಿಯನ್ನು ಒಳಗೆ ಬಿಟ್ಟುಕೊಳ್ಳದಿರುವುದು ಸಹಜ. ಹಾಗಿದ್ದರೆ ಅದರ ಜಾಗ ಎಲ್ಲಿ? ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರಿನಲ್ಲಿ ‘ಹೊರಗೆ ಇರುತ್ತದೆ’ ಎಂದರೆ ಸಾಲದು. ಎರಚಲು ಹೊಡೆಯದ, ನೆಲದಿಂದ ಗೇಣು ಎತ್ತರದ ಒಣ ಹಲಗೆಯಾದರೂ ಬೇಕು. ಒದ್ದೆಯಲ್ಲೇ ಮಲಗುವ ನಾಯಿಯ ಬೆರಳ ಸಂದು ಕೆಂಪಾಗಿ ಹುಣ್ಣಾಗುತ್ತದೆ, ಕಿವಿ ಸೋರುತ್ತದೆ. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆಯನ್ನು ಮೊದಲೇ ಪಡೆಯಿರಿ. ಮರಿ ಬೊಗಳಲು ಕಲಿತ ಮೇಲೆ ಕೇಳಿದರೆ ಉತ್ತರ ಬೇರೆಯೇ ಆಗಿರುತ್ತದೆ.

ಊಟದ ಮಾತು. ತಾರ್ಲೆ, ಬಂಗಡೆ ದಿನವೂ ಬರುವ ಮನೆಯಲ್ಲಿ ಇದು ಕಷ್ಟವಲ್ಲ. ಮುಳ್ಳು ಬಿಡಿಸಿ ಬೇಯಿಸಿದ ಮೀನು, ಕುಚ್ಚಲಕ್ಕಿ ಅನ್ನ ನಡೆಯುತ್ತದೆ. ಮೀನು, ಮೊಟ್ಟೆ ಅಡುಗೆಮನೆಗೆ ಬಾರದ ಮನೆಗಳಲ್ಲಿ ಬರೀ ಅನ್ನ ಮಜ್ಜಿಗೆಯಲ್ಲಿ ನಾಯಿ ಸಾಕುವುದು ರೂಢಿ. ಅದು ನಾಯಿಯ ಮೈಗೆ ಸಾಲದು. ಹಿತ್ತಲ ಒಲೆಯಲ್ಲಿ ಮೊಟ್ಟೆ ಬೇಯಿಸಲು, ಇಲ್ಲವೇ ಅಂಗಡಿಯ ನಾಯಿ ಆಹಾರ ತರಲು ಮನೆಯವರು ಒಪ್ಪಬೇಕು. ಈರುಳ್ಳಿ ಹಾಕಿದ ಸಾರು, ಪಲ್ಯ ಮಿಕ್ಕಿತೆಂದು ಸುರಿಯುವುದೂ ಸಲ್ಲ. ಈರುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ.

2022ರ ಜೂನ್‌ನಲ್ಲಿ ‘777 ಚಾರ್ಲಿ’ ಸಿನಿಮಾ ಬಂದಾಗ ಕಣ್ಣೊರೆಸಿಕೊಂಡು ಹೊರಬಂದವರಲ್ಲಿ ಲ್ಯಾಬ್ರಡಾರ್ ಬೇಕೆಂದವರು ಇದ್ದರು. ಆ ಸಿನಿಮಾದ ನಾಯಿ ಚಾರ್ಲಿಯ ಕಾಯಿಲೆಗೆ ಮೂಲವೇ ದುಡ್ಡಿಗಾಗಿ ಒಳಬಳಗದಲ್ಲೇ ಮರಿ ಮಾಡಿಸುವ ದಂಧೆ. ನಮ್ಮ ಸೆಕೆಗೆ, ತೇವಕ್ಕೆ ಕುರುಚಲು ಕೂದಲಿನ ಊರ ನಾಯಿಯೇ ಒಗ್ಗುತ್ತದೆ ಎಂಬುದು ನನ್ನ ಗಟ್ಟಿ ನಂಬಿಕೆ.

ಬೀದಿಯಿಂದ ಬಂದ ನಾಯಿ ಮೊದಲ ದಿನವೇ ಬಾಲ ಅಲ್ಲಾಡಿಸುತ್ತದೆ ಎಂದು ಕಾಯಬೇಡಿ. ಮೂರು ದಿನ ಅದು ಮೆಟ್ಟಿಲ ಕೆಳಗೆ ಸೇರಿ ತಿನ್ನದೆಯೂ ಇರಬಹುದು. ಸುಮಾರು ಮೂರು ವಾರಕ್ಕೆ ಮನೆಯ ಹೊತ್ತುಗೊತ್ತು ತಿಳಿಯುತ್ತದೆ, ಮನೆಯವರನ್ನು ತನ್ನವರೆಂದುಕೊಳ್ಳಲು ಮೂರು ತಿಂಗಳು ಹಿಡಿಯುತ್ತದೆ. ನಾಯಿ ಸಾಕುವವರು ಇಟ್ಟುಕೊಂಡ ಒರಟು ಲೆಕ್ಕ ಇದು. ಆಗ ಕೈ ಹಾಕಿ ಎಳೆಯಬಾರದು, ಮೇಲೆ ಬಗ್ಗಿ ಕಣ್ಣಲ್ಲಿ ಕಣ್ಣಿಟ್ಟು ನೋಡಬಾರದು. ಪಕ್ಕಕ್ಕೆ ಮುಖ ಮಾಡಿ ನೆಲದ ಮೇಲೆ ಕೂತು, ಒಂದು ತುಣುಕು ಮೀನು ದೂರ ಎಸೆದು ಸುಮ್ಮನಿದ್ದರೆ ಅದೇ ಬರುತ್ತದೆ. ಚೌತಿಯ ಪಟಾಕಿಗೆ ಒಂದೆರಡು ವಾರ ಮುಂಚೆ ಹೊಸ ನಾಯಿ ತರುವುದು ಒಳ್ಳೆಯದಲ್ಲ. ಬೆದರಿ ಓಡಿದರೆ ಅದಕ್ಕೆ ಮನೆಯ ದಾರಿ ಇನ್ನೂ ಗೊತ್ತಿಲ್ಲ, ಎದುರಿಗೆ ರಾಷ್ಟ್ರೀಯ ಹೆದ್ದಾರಿ 66.

ತರುವ ಮೊದಲು ಕಿವಿ ನೋಡಿ. ತುದಿಯಲ್ಲಿ ಕತ್ತರಿಸಿದ ಗುರುತಿದ್ದರೆ ಸಂತಾನಹರಣ ಚಿಕಿತ್ಸೆ ಆಗಿದೆ ಎಂದರ್ಥ. ಆಮೇಲೆ, ನಾಯಿ ಬಿಟ್ಟುಕೊಟ್ಟರೆ, ಮೇಲ್ತುಟಿ ಎತ್ತಿ ವಸಡು ನೋಡಿ. ಗುಲಾಬಿ ಬಣ್ಣವಿದ್ದರೆ ಸರಿ. ಬಿಳಿಚಿದ್ದರೆ ಉಣುಗು ಜ್ವರದಿಂದಲೋ ಹೊಟ್ಟೆಹುಳದಿಂದಲೋ ರಕ್ತ ಕಮ್ಮಿಯಾಗಿರಬಹುದು, ಆ ದಿನವೇ ವೈದ್ಯರಿಗೆ ತೋರಿಸಬೇಕು. ಉಣುಗು ಕಿವಿಯ ಮಡಿಕೆಯಲ್ಲಿ, ಬೆರಳ ಸಂದಿನಲ್ಲಿ, ಕೊರಳಪಟ್ಟಿಯ ಅಡಿಯಲ್ಲಿ ಅಡಗಿರುತ್ತದೆ. ಸೀಮೆಎಣ್ಣೆ ಸುರಿಯುವ ಹಳೆಯ ಅಭ್ಯಾಸ ಚರ್ಮ ಸುಡುತ್ತದೆ. ಚಿಮುಟದಿಂದ ಬುಡ ಹಿಡಿದು ತೆಗೆಯಿರಿ, ಬೆರಳಲ್ಲಿ ಹಿಚುಕಬೇಡಿ. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಹೊನ್ನಾವರದ ಕಾಡಂಚಿಗೆ ಹೊಸದಲ್ಲ. ಅದನ್ನು ಹರಡುವ ಕಾಡು ಉಣುಗು ಬೇರೆ, ನಾಯಿಯ ಮೈಯ ಕಂದು ಉಣುಗು ಬೇರೆ. ಆದರೂ ಬೆಟ್ಟ ಸುತ್ತಿ ಬಂದ ನಾಯಿಯನ್ನು ಮಕ್ಕಳು ಅಪ್ಪಿಕೊಳ್ಳುವ ಮುಂಚೆ ಮೈ ಸವರಿ ನೋಡುವುದು ಕ್ಷೇಮ.

ಲಸಿಕೆಯ ವಿಷಯದಲ್ಲಿ ರಿಯಾಯಿತಿ ಇಲ್ಲ. ಮರಿಗೆ ಆರೆಂಟು ವಾರದಿಂದ ಪಾರ್ವೊ, ಡಿಸ್ಟೆಂಪರ್ ಲಸಿಕೆ, ಮೂರು ತಿಂಗಳಿಗೆ ರೇಬೀಸ್ ಲಸಿಕೆ. ಮಳೆಗಾಲದ ಇಲಿಜ್ವರ ಮನುಷ್ಯರಿಗೂ ಅಂಟುವುದರಿಂದ ಅದರ ಲಸಿಕೆಯನ್ನೂ ಕೇಳಿ ಹಾಕಿಸಿ. ಸೆಪ್ಟೆಂಬರ್ 28ರ ವಿಶ್ವ ರೇಬೀಸ್ ದಿನದ ಸುಮಾರಿಗೆ ಪಶು ಆಸ್ಪತ್ರೆಗಳಲ್ಲಿ ಉಚಿತ ಶಿಬಿರ ನಡೆಯುವುದುಂಟು. ಎಳೆಮರಿ ಪರಚಿದ್ದಲ್ಲವೇ ಎಂದು ಸುಮ್ಮನಾಗುವುದು ಎಲ್ಲಕ್ಕಿಂತ ಅಪಾಯ. ಮರಿಯಲ್ಲೂ ರೇಬೀಸ್ ಇರಬಹುದು, ಲಕ್ಷಣ ಕಂಡ ಮೇಲೆ ಮದ್ದಿಲ್ಲ. ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಸರಕಾರಿ ಆಸ್ಪತ್ರೆಗೆ ಹೋಗಿ.

ಅಡಿಕೆ ತೋಟದ ಮಂಗ ಓಡಿಸಲು ನಾಯಿ ಬೇಕೆನ್ನುವವರಿಗೆ ಒಂದು ಮಾತು. ಪೆಟ್ಟು ತಿಂದು ಬೆದರಿದ ಬೀದಿ ನಾಯಿ ಆ ಕೆಲಸ ಮಾಡದೆಯೂ ಇರಬಹುದು. ಆಗಲೂ ಅದನ್ನು ಇಟ್ಟುಕೊಳ್ಳುವಿರಾ? ರಾತ್ರಿ ಅಂಗಳದಲ್ಲಿ ಸರಪಳಿ ಬಿಗಿದು ಬಿಟ್ಟರೆ ಬೆಟ್ಟದ ಬುಡದ ಮನೆಗಳಲ್ಲಿ ಅದು ಚಿರತೆಗೆ ಕಟ್ಟಿಕೊಟ್ಟ ಊಟ. ಕೊಟ್ಟಿಗೆಯಲ್ಲೋ ಜಗುಲಿಯಲ್ಲೋ ಬಾಗಿಲು ಹಾಕುವ ಜಾಗವಿರಬೇಕು. ದಿನವಿಡೀ ಗಿಡ್ಡ ಸರಪಳಿಯಲ್ಲಿ ಕಟ್ಟುವುದು, ಬೇಡವಾದಾಗ ಹೊರಗೆ ಬಿಟ್ಟು ಹಸಿವಿಗೆ ತಳ್ಳುವುದು, ಎರಡೂ 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧ. ಕಾಸರಕೋಡ, ಅಪ್ಸರಕೊಂಡದ ಕಡಲಂಚಿನವರು ಇನ್ನೊಂದನ್ನು ನೆನಪಿಡಬೇಕು. ಚಳಿಗಾಲದಿಂದ ಬೇಸಿಗೆವರೆಗೆ ಅಲ್ಲಿ ಆಲಿವ್ ರಿಡ್ಲೆ ಕಡಲಾಮೆಗಳು ಮರಳಿನಲ್ಲಿ ಮೊಟ್ಟೆಯಿಡುತ್ತವೆ, ನಾಯಿಗಳು ಅವನ್ನು ಕೆದಕಿ ತಿನ್ನುತ್ತವೆ. ಆ ತಿಂಗಳುಗಳಲ್ಲಿ ನಾಯಿಯನ್ನು ರಾತ್ರಿ ಬೇಲಾತೀರಕ್ಕೆ ಬಿಡುವಂತಿಲ್ಲ.

2025ರ ಆಗಸ್ಟ್ 22ರ ಆದೇಶದಲ್ಲಿ ಸುಪ್ರೀಂ ಕೋರ್ಟ್ ಬೀದಿ ನಾಯಿ ದತ್ತು ಪಡೆಯಬಯಸುವವರು ಸ್ಥಳೀಯ ಸಂಸ್ಥೆಗೆ ಅರ್ಜಿ ಹಾಕಬಹುದು, ಹಾಗೆ ಪಡೆದ ನಾಯಿ ಮತ್ತೆ ಬೀದಿಗೆ ಬಾರದಂತೆ ನೋಡಿಕೊಳ್ಳುವ ಹೊಣೆ ಅವರದೇ ಎಂದಿತು.

ಇಷ್ಟೆಲ್ಲ ಲೆಕ್ಕ ಹಾಕಿ ನಮ್ಮಿಂದ ಆಗದು ಎನಿಸಿದರೆ ಅದು ಕಟುಕತನವಲ್ಲ. ಓಣಿಯ ನಾಯಿಗೆ ಓಣಿಯಲ್ಲೇ ಮಾಡಬಹುದಾದ ಕೆಲಸ ಬೇಕಾದಷ್ಟಿದೆ. ನಾಲ್ಕು ಮನೆಯವರು ಸೇರಿ ಒಂದು ಹೆಣ್ಣುನಾಯಿಗೆ ಶಸ್ತ್ರಚಿಕಿತ್ಸೆ, ಲಸಿಕೆ ಮಾಡಿಸಿದರೆ ಮುಂದಿನ ಮಳೆಗಾಲದ ಗೋಣಿಚೀಲ ಒಂದಾದರೂ ಕಮ್ಮಿಯಾಗುತ್ತದೆ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಪ್ರಕಾರ ಆ ಹೊಣೆ ಸ್ಥಳೀಯ ಸಂಸ್ಥೆಯದ್ದು. ಕೇಳುವವರಿದ್ದರೆ ಕೆಲಸ ಮುಂದೆ ಸರಿಯುತ್ತದೆ. ಅನ್ನ ಹಾಕುವುದಾದರೆ ಸ್ಥಳೀಯ ಸಂಸ್ಥೆ ಗುರುತಿಸಿದ ಜಾಗದಲ್ಲಿ, ಮಕ್ಕಳು ಆಡುವಲ್ಲಿಂದ ದೂರ, ಜನರ ಓಡಾಟ ಕಮ್ಮಿಯಿರುವ ಹೊತ್ತಿನಲ್ಲಿ ಹಾಕಿ, ಎಲೆ ತಟ್ಟೆ ಎತ್ತಿ ಜಾಗ ಚೊಕ್ಕ ಮಾಡಿ ಬನ್ನಿ.