ಮಗನ ಮೌನಕ್ಕೂ ಕಿವಿಗೊಡಿ



2022ರ ನವೆಂಬರ್ 19ರಂದು ಮಂಗಳೂರಿನಲ್ಲಿ ಚಲಿಸುತ್ತಿದ್ದ ಆಟೋರಿಕ್ಷಾದೊಳಗೆ ಕುಕ್ಕರ್ ಬಾಂಬ್ ಸ್ಫೋಟಿಸಿತು. ದುಡಿದು ತಿನ್ನುವ ಚಾಲಕ, ಅದನ್ನು ಒಯ್ಯುತ್ತಿದ್ದನೆಂಬ ಆರೋಪ ಹೊತ್ತ ಪ್ರಯಾಣಿಕ, ಇಬ್ಬರೂ ಸುಟ್ಟಗಾಯಗಳಿಂದ ನರಳಿದರು. ಆರೋಪಿ ನಮ್ಮಂತೆಯೇ ಮಲೆನಾಡಿನವನು, ತೀರ್ಥಹಳ್ಳಿಯ ಯುವಕ.

ಇಂಥ ದಾಳಿಯ ಸುಳಿವು ಪೊಲೀಸರಿಗಿಂತ ಮೊದಲು ಮನೆಯವರಿಗೆ ಸಿಗಬಹುದು. ಶಿರಸಿ, ಸಿದ್ದಾಪುರ, ಯಲ್ಲಾಪುರದ ತಾಯಂದಿರೇ, ಮಗ ಗೆಳೆಯರನ್ನು ತೊರೆದು ರಾತ್ರಿಯಿಡೀ ಮೊಬೈಲಿನಲ್ಲಿ ಮುಳುಗಿದ್ದರೆ, ಮಾತಿನಲ್ಲಿ ದ್ವೇಷ ಇಣುಕಿದರೆ, ಗದರಬೇಡಿ. ಪಕ್ಕದಲ್ಲಿ ಕುಳಿತು ಕೇಳಿ. ನಿರಪರಾಧಿಯ ಹತ್ಯೆ ಇಸ್ಲಾಮಿನಲ್ಲಿ ಮಹಾಪಾಪವೆಂದು ತಿಳಿಹೇಳಿ.

ಸ್ಫೋಟಕದ ಸುಳಿವೇ ಸಿಕ್ಕರೆ ಮಾನ ಹೋದೀತೆಂದು ಮುಚ್ಚಿಡಬೇಡಿ. 112ಕ್ಕೆ ಕರೆ ಮಾಡಿ. ಆ ಒಂದು ಕರೆ ದಾರಿಹೋಕರ ಜೀವದೊಂದಿಗೆ ನಿಮ್ಮ ಮಗನ ಜೀವವನ್ನೂ ಉಳಿಸೀತು.