ಗಿಡದಾಗ ಹುಡುಕಿದರ ಎರೆಭೂತ ಸಿಕ್ಕೀತೇ?

ಕೊರಳಿಗೆ ದುರ್ಬೀನು ಹಾಕಿಕೊಂಡು ನಸುಕಿನಾಗ ಬಬಲೇಶ್ವರದ ಬಸ್ ಹತ್ತಿದವರನ್ನು ಕಂಡರೆ ಪಕ್ಕದವರು ಕೇಳೋದು ಒಂದೇ ಮಾತು: ‘ಏನ್ ಹುಡುಕಾಕ ಹೊಂಟೀರಿ?’ ‘ಎರೆಭೂತ’ ಅಂದರೆ ನಗು ಗ್ಯಾರಂಟಿ. ಭೂತ ಅಲ್ಲ ಮಹಾರಾಯರೇ, ಹಕ್ಕಿ! ಗಂಡು ಒಂದು ಮೀಟರ್ ಎತ್ತರ, ತೂಕ 15 ಕಿಲೋವರೆಗೆ. ಇಷ್ಟು ಭಾರ ಹೊತ್ತು ಹಾರುವ ಹಕ್ಕಿಗಳು ಜಗತ್ತಿನಲ್ಲೇ ಬೆರಳೆಣಿಕೆ.

ವಿಜಯಪುರದ ಭೂತನಾಳ ಕೆರೆಯ ಸುತ್ತಲಿನ ಗಿಡಗಳಿಂದ ಹುಡುಕಾಟ ಸುರು ಮಾಡಬಹುದು. ಬಿಸಿಲೇರುವ ಹೊತ್ತಿಗೆ ಬಬಲೇಶ್ವರ ತಾಲೂಕಿನ ಮಮದಾಪುರದ ಅರಣ್ಯ. ಗೋಳಗುಮ್ಮಟದಾಗ ಮಲಗಿದ ಮಹಮ್ಮದ್ ಆದಿಲ್‌ಶಾಹ ಕಟ್ಟಿಸಿದ ಕೆರೆ ಅದೇ ಊರಿನದು. ನವಿಲು, ಕಾಜಾಣ, ಪಿಕಳಾರ ಸಿಕ್ಕಾವು. ಮಧ್ಯಾಹ್ನ ತಿಕೋಟಾ ಕಡೆ ತಿರುಗಿದರೆ ದ್ರಾಕ್ಷಿ ಪಡ, ಒಣದ್ರಾಕ್ಷಿ ಶೆಡ್ಡು, ಮೇಲೆ ಕರೆಂಟಿನ ತಂತಿ. ಸಂಜೆ ಬಸ್ಸಿಗೆ ಎರೆಭೂತ ಕಾಣದೆ ವಾಪಸ್.

ಸಿಗೋದಾದರೂ ಹೆಂಗ? ಅದು ಕಾಡಿನ ಹಕ್ಕಿಯೇ ಅಲ್ಲ. ಮೊಣಕಾಲೆತ್ತರದ ಹುಲ್ಲು, ನಡುವೆ ಜೋಳ-ಕಡಲೆಯ ಹೊಲ, ವೈರಿ ದೂರದಿಂದಲೇ ಕಾಣುವಂಥ ಬಯಲು, ಇಷ್ಟಿದ್ದರೆ ಅದಕ್ಕೆ ಸಂಸಾರ. ಸಾಮಾನ್ಯವಾಗಿ ಒಂದೇ ಮೊಟ್ಟೆ, ಅದೂ ಬರಿ ನೆಲದ ಮೇಲೆ. ನಾಯಿ ತಿಂದರೂ ಹೋಯಿತು, ಟ್ರ್ಯಾಕ್ಟರ್ ಹರಿದರೂ ಹೋಯಿತು. ಕಣ್ಣು ತಲೆಯ ಪಕ್ಕಕ್ಕಿರುವುದರಿಂದ ಎದುರಿನ ತಂತಿ ಬೇಗ ಕಾಣದು. ಕಂಡಾಗ ಭಾರದ ಮೈ ತಿರುಗದು. 2011ರಿಂದ ಅದು ಅಳಿವಿನ ಕೊನೆಯ ಅಂಚಿನ ಪಟ್ಟಿಯಲ್ಲಿದೆ. ದೇಶದಲ್ಲಿ ಉಳಿದಿರುವುದು ಸುಮಾರು 150 ಎಂದು ಅಂದಾಜು, ಬಹುಪಾಲು ರಾಜಸ್ಥಾನದಲ್ಲಿ. ಒಂದು ಕಾಲಕ್ಕೆ ದಖ್ಖನ್ನಿನ ಬಯಲೆಲ್ಲ ಅದರದೇ ಆಗಿತ್ತು.

ದೂರ ಬೇಡ, ಇಲ್ಲಿಂದ ನೂರು ಕಿಲೋಮೀಟರಿನ ಆಸುಪಾಸಿನ ಸೊಲ್ಲಾಪುರ ನೋಡಿ. ಅದರಾಚೆಯ ನಾನಜ್‌ನಲ್ಲಿ 1979ರಲ್ಲಿ ಈ ಹಕ್ಕಿಗಾಗಿಯೇ ಅಭಯಾರಣ್ಯ ಆಯಿತು. ಅಲ್ಲಿ ಈಗ ಅದು ಕಂಡರೆ ಅದೃಷ್ಟ. ನಮ್ಮ ರಾಜ್ಯದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಹೊಲಗಳಲ್ಲಿ ಈಚಿನ ವರ್ಷಗಳಲ್ಲೂ ಕೆಲವು ಕಂಡಿವೆ. ರಾಣೆಬೆನ್ನೂರಿನ ಕಥೆ ಬೇರೆ. 1974ರಲ್ಲಿ ಕೃಷ್ಣಮೃಗಕ್ಕಾಗಿ ಅಭಯಾರಣ್ಯವಾದ ಆ ಬಯಲಿನಲ್ಲಿ ಎರೆಭೂತವೂ ಇತ್ತು. ಇಂದು ಅಲ್ಲಿ ಹೆಚ್ಚಿರುವುದು ನೀಲಗಿರಿ ತೋಪು. ಗಿಡ ಬೆಳೆಯಿತು, ಹಕ್ಕಿ ಹೋಯಿತು.

ಇಲ್ಲಿ ನಮಗೊಂದು ಪಾಠ ಐತಿ. ವಿಜಯಪುರ ಜಿಲ್ಲೆಗೆ ನೆರಳು ಬೇಕೇ ಬೇಕು. 2016ರಲ್ಲಿ ಸುರುವಾದ ಕೋಟಿ ವೃಕ್ಷ ಅಭಿಯಾನದ ಬೇವು-ಹೊಂಗೆಗೆ ಯಾರೂ ತಕರಾರು ಮಾಡಲಾರರು. ಏಪ್ರಿಲ್ಲಿನ ಬಿಸಿಲಿನಾಗ ಬಸ್ಸಿಗೆ ಕಾದವರಿಗೆ ಗಿಡದ ಬೆಲೆ ಹೇಳಿಕೊಡಬೇಕಿಲ್ಲ. ರಸ್ತೆ ಬದಿ, ಕೆರೆ ದಂಡಿ, ಸಾಲಿ ಅಂಗಳ, ಎಲ್ಲಿ ಬೇಕಾದರೂ ಹಚ್ಚಲಿ.

ಆದರೆ ಗಿಡ ಇಲ್ಲದ ನೆಲವೆಲ್ಲ ಬಂಜರು ಅನ್ನೋದು ತಪ್ಪು ಲೆಕ್ಕ. ಊರಾಚೆಯ ಹುಲ್ಲುಗಾವಲಿನಾಗ ಕುರಿ ಮೇಯುತ್ತವೆ, ತೋಳ ತಿರುಗುತ್ತದೆ, ಗೌಜಲಕ್ಕಿ ಮೊಟ್ಟೆ ಇಡುತ್ತದೆ. ಕಾಗದದ ಮೇಲೆ ಮಾತ್ರ ಅದು ‘ಖಾಲಿ ಜಾಗ’. ಖಾಲಿ ಅಂದ ಕೂಡಲೆ ಅಲ್ಲಿ ಗುಂಡಿ ಬೀಳುತ್ತದೆ, ಇಲ್ಲವೇ ಪ್ಲಾಟು ಬೀಳುತ್ತದೆ.

ಎರೆಭೂತ ಈ ಸೀಮೆಗೆ ತಿರುಗಿ ಬಂದೀತೋ ಇಲ್ಲವೋ, ಬರುವ ಹಕ್ಕಿಗೆ ಇಳಿಯಲು ಬಯಲಾದರೂ ಉಳಿಯಬೇಕು. ಮುಂದಿನ ಮಳೆಗಾಲಕ್ಕೆ ಸಸಿ ಹಚ್ಚುವವರು ಸನಿಕೆ ಎತ್ತುವ ಮೊದಲು ಒಮ್ಮೆ ಬಗ್ಗಿ ನೋಡಲಿ: ಕಾಲಡಿ ಇರೋದು ಬರಿ ಮಣ್ಣೋ, ಹುಲ್ಲೋ?